ಒಂದೇ ಅಡುಗೆಮನೆ, ನಾಲ್ಕು ಥರದ ಉಪ್ಪಿನ ಮಾತು

ಕೊಪ್ಪದ ನಮ್ಮ ಮನೆಯಲ್ಲಿ ಈಚೆಗೆ ಉಪ್ಪಿನದೇ ಪಂಚಾಯ್ತಿ. ಅತ್ತೆಗೆ ಬಿಪಿ, ಉಪ್ಪು ಕಡಿಮೆ ಮಾಡಿ ಅಂದರು ಡಾಕ್ಟರು. ಬಸುರಿ ಓರಗಿತ್ತಿಗೆ ಅಯೋಡಿನ್ ಉಪ್ಪು ಬಿಡಬೇಡ ಅಂದರು ನರ್ಸು. ಬಿಳಿ ಉಪ್ಪು ವಿಷ, ಸೈಂಧವ ಲವಣ ಬಳಸಿ ಅಂತ ವಾಟ್ಸಾಪು. ನಾದಿನಿ ಬೇರೆ ಮಾವನಿಗೆ ಅಂತ ಲೋ ಸೋಡಿಯಂ ಉಪ್ಪು ತಂದಿಟ್ಟಿದ್ದಳು. ಸಾರಿಗೆ ಯಾವುದನ್ನು ಹಾಕಲಿ?

ಕೂತು ಯೋಚಿಸಿದರೆ ಡಾಕ್ಟರು, ನರ್ಸು ಇಬ್ಬರ ಮಾತಿಗೂ ಜಗಳವೇ ಇಲ್ಲ. ಒಬ್ಬರು ಹೇಳಿದ್ದು ಎಷ್ಟು ಅಂತ, ಇನ್ನೊಬ್ಬರು ಹೇಳಿದ್ದು ಯಾವುದು ಅಂತ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತೆ, ಅಂದರೆ ಒಂದು ಟೀ ಚಮಚದೊಳಗೆ. ಆ ಉಪ್ಪು ಅಯೋಡಿನ್ ಸೇರಿಸಿದ್ದಾಗಿರಲಿ ಅಂತಲೂ ಅದೇ ಸಂಸ್ಥೆ ಹೇಳುತ್ತೆ.

ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯವಲ್ಲ. ಮಲೆನಾಡಿನ ಮಳೆ ಮಣ್ಣಿನ ಅಯೋಡಿನ್ನನ್ನು ತೊಳೆದುಕೊಂಡು ಹೋಗುತ್ತೆ, ಇಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆಯೇ. ಗಳಗಂಡ ಆಗಿ ಕುತ್ತಿಗೆ ಊದಿದ ಹೆಂಗಸರನ್ನು ಅತ್ತೆ ಚಿಕ್ಕಂದಿನಲ್ಲಿ ನೋಡಿದ್ದಾರೆ. ಬಸುರಿಯಲ್ಲಿ ಅಯೋಡಿನ್ ತೀರಾ ಕಮ್ಮಿಯಾದರೆ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಆಶಾ ಕಾರ್ಯಕರ್ತೆ ಬಂದಾಗ ಅಂಗಡಿ ಪುಡಿಉಪ್ಪು, ಸೈಂಧವ ಲವಣ ಎರಡನ್ನೂ ತಟ್ಟೆಯಲ್ಲಿಟ್ಟು ಕೊಟ್ಟೆ. ಅಯೋಡಿನ್ ಇದೆಯಾ ಅಂತ ನೋಡೋ ಕಿಟ್ಟಿನ ಸಣ್ಣ ಬಾಟಲಿಯಿಂದ ಒಂದೊಂದು ಹನಿ ಬಿಟ್ಟರು. ಪುಡಿಉಪ್ಪು ಕಡುನೀಲಿಗೆ ತಿರುಗಿತು, ಅಂದರೆ ಅಯೋಡಿನ್ ಇದೆ. ಸೈಂಧವ ಲವಣ ಇದ್ದ ಹಾಗೇ ಇತ್ತು. ಓರಗಿತ್ತಿ ಆ ಪ್ಯಾಕೆಟ್ಟನ್ನು ಅವತ್ತೇ ಎತ್ತಿಟ್ಟಳು. ಬಿಪಿಗೂ ಅದರಿಂದ ಲಾಭವಿಲ್ಲ, ಅದರಲ್ಲಿರೋದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್.

ಲೋ ಸೋಡಿಯಂ ಉಪ್ಪಿನ ಬಗ್ಗೆ ಮಾತ್ರ ನನಗೆ ನಿಜಕ್ಕೂ ಭಯವಾಯಿತು. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಬಿಪಿ ಇರುವ ಎಷ್ಟೋ ಜನಕ್ಕೆ ಅದು ಒಳ್ಳೆಯದೇ. ಆದರೆ ಮಾವನ ಕಿಡ್ನಿ ಸೋತಿದೆ. ಸೋತ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಕೆಡಬಹುದು. ಡಾಕ್ಟರನ್ನು ಕೇಳದೆ ಇದನ್ನು ಯಾರೂ ದಯವಿಟ್ಟು ಕಿಡ್ನಿ ತೊಂದರೆ ಇರುವವರಿಗೆ ಹಾಕಬೇಡಿ.

ಈಗ ಎಲ್ಲರಿಗೂ ಅಯೋಡಿನ್ ಉಪ್ಪೇ, ಸಾರಿಗೆ ಕಡಿಮೆ. ಸಪ್ಪೆ ಅನ್ನಿಸಿದವರು ನಿಂಬೆಹಣ್ಣು ಹಿಂಡಿಕೊಳ್ಳುತ್ತಾರೆ. ನಿಜವಾಗಿ ಕಷ್ಟವಾದದ್ದು ಮಿಡಿ ಉಪ್ಪಿನಕಾಯಿ, ಹಪ್ಪಳ. ಅತ್ತೆಯ ಲೆಕ್ಕದಲ್ಲಿ ಅವು ಉಪ್ಪೇ ಅಲ್ಲ! ಇನ್ನೂ ಆ ಮಾತುಕತೆ ನಡೀತಾ ಇದೆ.

ಉಪ್ಪಿನ ಭರಣಿಯನ್ನೂ ಒಲೆ ಪಕ್ಕದಿಂದ ಎತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿದ್ದೇನೆ. ಮಳೆಗಾಲದಲ್ಲಿ ಉಪ್ಪು ನೀರೊಡೆದರೆ ಅಯೋಡಿನ್ನೂ ಕಮ್ಮಿಯಾಗುತ್ತಾ ಹೋಗುತ್ತೆ. ನಿಮ್ಮನೆಯಲ್ಲಿ ಬಸುರಿ ಇದ್ದರೆ ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಅಂತ ಬರೆದಿದೆಯಾ, ಇವತ್ತೇ ನೋಡಿ.