ಬಲ್ಮಠದ ಗುಡ್ಡದಲ್ಲಿ ಒಂದು ಭಾನುವಾರ

ಬೆಂಗಳೂರಿನ ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರೂ ಯುವಜನರೂ ಸೇರಿ ಮಂಗಳೂರಿಗೆ ಹೊರಟದ್ದು, ಬಾಸೆಲ್ ಮಿಷನ್ ಪರಂಪರೆಯ ವಿಶ್ವಾಸಿಗಳೊಡನೆ ಒಂದು ಭಾನುವಾರವನ್ನು ಕಳೆಯಬೇಕೆಂಬ ಆಸೆಯಿಂದ. ನಮ್ಮದು ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಗಳು ಕಟ್ಟಿದ ಸಭೆ, ಅವರದು ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದವರು ಕಟ್ಟಿದ್ದು. ಇಂದು ಇಬ್ಬರೂ ದಕ್ಷಿಣ ಭಾರತ ಸಭೆಗೆ ಸೇರಿದವರು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾದ ಸಂಗತಿಯನ್ನು ನಾವು ಪ್ರತಿವರ್ಷ ಸ್ಮರಿಸುತ್ತೇವೆ. ಆದರೂ ಘಟ್ಟದ ಕೆಳಗಿನ ನಮ್ಮ ಸಹೋದರ ಸಹೋದರಿಯರ ಪರಿಚಯ ನಮಗೆ ಅಷ್ಟಾಗಿ ಇರಲಿಲ್ಲ.

ಸಕಲೇಶಪುರ ದಾಟಿದ ಮೇಲೆ ರೈಲು ಸುರಂಗಗಳೊಳಗೆ ನುಗ್ಗತೊಡಗಿದಾಗ ಯುವಕರು ಕೀರ್ತನೆಗಳನ್ನು ಹಾಡಲು ಶುರುಮಾಡಿದರು, ಘಟ್ಟ ಇಳಿಯುವವರೆಗೂ ನಿಲ್ಲಿಸಲಿಲ್ಲ.

ಮಂಗಳೂರಿನ ಬಲ್ಮಠ ಗುಡ್ಡದ ಶಾಂತಿ ಕೆಥಡ್ರಲ್‌ನಲ್ಲಿ ಆರಾಧನೆ ಕನ್ನಡದಲ್ಲಿ ನಡೆಯಿತು, ಅಂಗಳದ ಮಾತುಕತೆ ತುಳುವಿನಲ್ಲಿ. ಆರಾಧನೆ ಮುಗಿದ ಮೇಲೆ ನಮ್ಮನ್ನು ಊಟಕ್ಕೆ ಕೂರಿಸಿ, ಸಭೆಯ ಹಿರಿಯರೇ ಕುಚ್ಚಲಕ್ಕಿ ಅನ್ನವನ್ನೂ ಮೀನಿನ ಸಾರನ್ನೂ ಬಡಿಸಿದರು. ನಮ್ಮ ಹೆಂಗಸರು ಸಹಾಯಕ್ಕೆಂದು ಎದ್ದರೆ, "ನೀವು ಕೂತ್ಕೊಳ್ಳಿ ಅಮ್ಮ, ಇವತ್ತು ಪಾಳಿ ನಮ್ಮದು" ಎಂದರು ವಯಸ್ಸಾದವರೊಬ್ಬರು. ಅವರ ಅಜ್ಜ ಜೆಪ್ಪುವಿನಲ್ಲಿದ್ದ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ.

ಮಧ್ಯಾಹ್ನ ಗುಡ್ಡದ ಮೇಲೆ ತಿರುಗಾಡುತ್ತಿರುವಾಗ ನಾನು ಆ ಕಾರ್ಖಾನೆಯ ವಿಚಾರವನ್ನೇ ಯೋಚಿಸುತ್ತಿದ್ದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಪತ್ರಿಕೆ (1843), ಕಿಟ್ಟೆಲ್ ಅವರ ನಿಘಂಟು (1894) ಎಲ್ಲ ಕನ್ನಡಿಗರಿಗೂ ಗೊತ್ತು. ಆದರೆ ಸಭೆಯ ಜೀವನವನ್ನು ರೂಪಿಸಿದ್ದರಲ್ಲಿ ಮಗ್ಗ ಮತ್ತು ಹಂಚುಗಳ ಪಾಲು ಪುಸ್ತಕಗಳಿಗಿಂತ ಕಡಿಮೆಯದಲ್ಲ. ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿ, ಮನೆ, ಕಸುಬು ಎಲ್ಲವನ್ನೂ ಒಟ್ಟಿಗೇ ಕಳೆದುಕೊಂಡು ಬೀದಿಗೆ ಬಂದಿದ್ದರು. ಅವರಿಗಾಗಿ ನೇಯ್ಗೆ ಆರಂಭವಾಯಿತು, 1865ರಲ್ಲಿ ಮಿಷನರಿ ಪ್ಲೆಬ್‌ಸ್ಟ್ ಅವರ ಮುಂದಾಳತ್ವದಲ್ಲಿ ಹಂಚಿನ ಕಾರ್ಖಾನೆ ನಿಂತಿತು. ಹಿಂದೆ ಒಬ್ಬರ ನೀರನ್ನು ಒಬ್ಬರು ಮುಟ್ಟದ ಮನೆತನಗಳವರು ಅಲ್ಲಿ ಒಂದೇ ಮಣ್ಣನ್ನು ತುಳಿದು, ಹಂಚು ಸುಡುವ ಒಂದೇ ಗೂಡಿನ ಮುಂದೆ ಬೆವರಿದರು. ಆದಿಸಭೆಯವರು ರೊಟ್ಟಿ ಮುರಿಯುವುದರಲ್ಲಿಯೂ ಪ್ರಾರ್ಥನೆಯಲ್ಲಿಯೂ ಒಟ್ಟಾಗಿದ್ದರೆಂದು ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಓದುವಾಗ, ಆ ರೊಟ್ಟಿಯನ್ನು ಸಂಪಾದಿಸಿದ ದುಡಿಮೆಯ ಕಡೆಗೆ ನಮ್ಮ ಗಮನ ಹೋಗುವುದೇ ಇಲ್ಲ.

ಇದರಲ್ಲಿ ನೋವಿನ ಅಂಶವೂ ಇತ್ತು. ಕೂಲಿ ಕೊಡುವವರೂ ದೇವರ ವಾಕ್ಯವನ್ನು ಬೋಧಿಸುವವರೂ ಒಂದೇ ಸಂಸ್ಥೆಗೆ ಸೇರಿದ್ದಾಗ, ಪೀಠದ ಮುಂದೆ ಮೊಣಕಾಲೂರಿದವರೆಲ್ಲರೂ ಸರಿಸಮಾನರೆಂದು ಹೇಳುವುದು ಸುಲಭ, ಬಾಳುವುದು ಕಷ್ಟ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ದೇಶ ಬಿಡಬೇಕಾಗಿ ಬಂದು, ಕಾರ್ಖಾನೆಗಳು ಬ್ರಿಟಿಷರ ಆಡಳಿತಕ್ಕೆ ಹೋದವು. ಆಗ ಸಭೆಗಳ ಹೊಣೆ ಹೊತ್ತವರು ಇಲ್ಲಿನ ಉಪದೇಶಿಗಳು, ಹಿರಿಯರು, ತಾಯಂದಿರು. 1844ರಲ್ಲಿ ದೀಕ್ಷಾಸ್ನಾನ ಪಡೆದು ಬಾಸೆಲ್‌ನಲ್ಲಿ ಓದಿ ಬಂದ ಆನಂದರಾವ್ ಕೌಂಡಿನ್ಯರಂಥವರು ಬಹು ಹಿಂದೆಯೇ ಆ ದಾರಿ ತೋರಿಸಿದ್ದರು. ಯಜಮಾನರಿಲ್ಲದ ಮೇಲೂ ಸಭೆ ಉಳಿದದ್ದೇ ಆ ಅನ್ಯೋನ್ಯತೆ ನಿಜವಾಗಿತ್ತೆಂಬುದಕ್ಕೆ ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ.

ಆ ಸಂಜೆ ಅಲ್ಲಿನ ಸ್ತ್ರೀ ಸಮಾಜದವರು ತಮ್ಮ ಕೆಲಸದ ರೀತಿಯನ್ನು ವಿವರಿಸಿದರು: ಅಡುಗೆಗೂ, ದೇವಾಲಯ ಗುಡಿಸುವುದಕ್ಕೂ, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದಕ್ಕೂ ಪಾಳಿ ಇದೆ, ಆ ಪಟ್ಟಿಯಲ್ಲಿ ವೈದ್ಯರ ಹೆಸರೂ ಮನೆಗೆಲಸದವರ ಹೆಸರೂ ಅಕ್ಕಪಕ್ಕದಲ್ಲಿಯೇ ಬರುತ್ತವೆ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ಅಡುಗೆಯನ್ನು ಈಚೆಗೆ ಗುತ್ತಿಗೆಗೆ ಕೊಡುತ್ತಿದ್ದೇವೆ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ, ಆದರೆ ಈರುಳ್ಳಿ ಹೆಚ್ಚುತ್ತಾ ಒಬ್ಬರ ಕಷ್ಟವನ್ನು ಒಬ್ಬರು ಕೇಳಿಸಿಕೊಳ್ಳುತ್ತಿದ್ದ ರಾತ್ರಿಗಳು ನಿಂತುಹೋಗಿವೆ. ಹಿಂದಿರುಗುವ ರೈಲಿನಲ್ಲಿ ಈ ಮಾತು ಬಂದಾಗ ಯುವಜನ ಕೂಟದ ಕಾರ್ಯದರ್ಶಿ ಒಂದು ಹಾಳೆಯ ಮೇಲೆ ಮುಂದಿನ ಹಬ್ಬದ ಪಾಳಿಯನ್ನು ಬರೆಯತೊಡಗಿದ. ಪಾತ್ರೆ ತೊಳೆಯುವ ಸಾಲಿನಲ್ಲಿ ಮೊದಲು ಹೆಸರು ಕೊಟ್ಟವರು ನಮ್ಮ ಸಭಾಪಾಲಕರು.