ಅಂಕ ಸಿಗದ ಕೆಲಸ

ಗ್ರಾಫಿಕ್ ಡಿಸೈನ್ ಪಾಠ ಮಾಡುವವರ ಪ್ರಮೋಷನ್ ಫಾರ್ಮೇ ಒಂದು ತಮಾಷೆ. ಜರ್ನಲ್ ಲೇಖನಕ್ಕೆ ಅಂಕ ಇದೆ. ಆದರೆ ರಜೆಯಲ್ಲೆಲ್ಲ ಗದಗದ ಹಳೇ ಪ್ರೆಸ್ಸುಗಳಿಗೆ ಹೋಗಿ, ಅಚ್ಚಿನ ಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸುತ್ತಿದ್ದ ಹಿರಿಯರ ಹತ್ತಿರ ಕೂತು, ಒತ್ತಕ್ಷರ ಹೇಗೆ ಕೂರಿಸುತ್ತಿದ್ದಿರಿ, ಸಾಲಿನ ನಡುವೆ ಅಷ್ಟು ಜಾಗ ಯಾಕೆ ಅಂತ ಕೇಳಿ ಬರೆದುಕೊಂಡ ನೋಟ್‌ಬುಕ್ಕು ಯಾವ ಕಾಲಮ್ಮಿಗೂ ಹೊಂದುವುದಿಲ್ಲ. ಮುದ್ರಣ ಕಾಶಿ ಅನ್ನಿಸಿಕೊಂಡ ಊರು ಅದು! ಎಲ್ಲ ಕಂಪ್ಯೂಟರಿಗೂ ಒಂದೇ ಅನ್ನುವ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಹುಬ್ಬಳ್ಳಿಯ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ‘ನುಡಿ’ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೇ ಫಾಂಟೇ ನಡೆಯುತ್ತದೆ, ಬೇರೆ ಕಡೆ ಪೇಸ್ಟ್ ಮಾಡಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಸಂಶೋಧನೆ ಮಾಡಬೇಕಾದ್ದು ಇದನ್ನೇ ಅಲ್ವಾ? ನನ್ನ ರಿಸರ್ಚ್ ಗೈಡ್ ಮಾತ್ರ "ಇದರಾಗ ಥಿಯರಿ ಎಲ್ಲೈತಿ?" ಅಂದರು. ಇರಲಿ. ಮುಂದಿನ ವಾರ ಫೈನಲ್ ಇಯರ್ ಹುಡುಗರನ್ನು ಗದಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊಳೆ ಇನ್ನೂ ಗುಜರಿಗೆ ಹಾಕದ ಪ್ರೆಸ್ ಯಾರಿಗಾದರೂ ಗೊತ್ತಿದ್ದರೆ ಹೇಳ್ರಪ್ಪಾ.