ಡಿಸೆಂಬರ್ 6, ಶನಿವಾರ

ಸಿಂಗಪುರದ ಒಂದು ಹೋಟೆಲಿನ ಬ್ಯಾಂಕ್ವೆಟ್ ಸೇಲ್ಸ್ ವಿಭಾಗದಲ್ಲಿ ನಾನು ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಡವಾಗಿ ಹೋದ ಬಿಇಓಗಳು (ಸಮಾರಂಭದ ವಿವರಗಳನ್ನು ಇತರ ವಿಭಾಗಗಳಿಗೆ ತಿಳಿಸುವ ಆದೇಶಪತ್ರಗಳು), ಕೊನೆಯ ಗಳಿಗೆಯಲ್ಲಿ ಏರಿದ ಟೇಬಲ್ ಸಂಖ್ಯೆ, ಒಂದೇ ಸಂಜೆ ಎರಡು ಮದುವೆಗಳಿಗೆ ಒಪ್ಪಿಕೊಂಡ ಬ್ರೈಡಲ್ ಸೂಟ್, ಇವೆಲ್ಲ ನನ್ನ ಕೈಯಿಂದಲೂ ಆಗಿವೆ. ಕಾಲ ಕಳೆದಂತೆ ಅವುಗಳ ನೋವೂ ಕಡಿಮೆಯಾಗಿದೆ. ಆದರೆ 2024ರ ಅಕ್ಟೋಬರಿನ ಒಂದು ಮಧ್ಯಾಹ್ನ ವಧುವಿನ ತಂದೆಯೊಬ್ಬರು ನನ್ನೆದುರು ಕುಳಿತು, ತುಂಬ ಮೆಲ್ಲಗೆ, "ನಾನು ಡ್ರ್ಯಾಗನ್ ಅಲ್ಲ, ಮೊಲ" ಎಂದದ್ದನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ.

ಆ ದಿನಗಳಲ್ಲಿ ನಮ್ಮ ವಿಭಾಗದ ಮೇಲಿದ್ದ ಒತ್ತಡವನ್ನು ಮೊದಲು ಹೇಳಬೇಕು. ಚೀನೀ ಪಂಚಾಂಗದ ಡ್ರ್ಯಾಗನ್ ವರ್ಷ 2024ರ ಫೆಬ್ರವರಿ 10ರಂದು ಹುಟ್ಟಿ 2025ರ ಜನವರಿ 28ಕ್ಕೆ ಮುಗಿಯುತ್ತಿತ್ತು. ವಸಂತದ ಆರಂಭವೆಂದು ಎಣಿಸುವ ಲಿ ಚುನ್ ಫೆಬ್ರವರಿ 3 ಅಥವಾ 4ರ ಸುಮಾರಿಗೆ ಬರುವುದರಿಂದ, ಆ ವರ್ಷದ ಒಳಗೆ ಒಂದೇ ಒಂದು ಲಿ ಚುನ್ ಕೂಡ ಬೀಳಲಿಲ್ಲ. ಅಂಥ ವರ್ಷವನ್ನು ವಿಧವಾ ವರ್ಷವೆನ್ನುತ್ತಾರೆ; ಅದನ್ನು ನಂಬುವ ಮನೆಗಳು ಮದುವೆಯನ್ನು ಮುಂದೂಡುತ್ತವೆ. ಅದರ ಬೆನ್ನಿಗೆ ಬಂದ ಹಾವಿನ ವರ್ಷವಾದರೋ, ಅಧಿಕ ಆರನೆಯ ತಿಂಗಳನ್ನೂ ಸೇರಿಸಿಕೊಂಡು 2026ರ ಫೆಬ್ರವರಿ 16ರವರೆಗೆ ಚಾಚಿಕೊಂಡಿತ್ತು ಮತ್ತು ಅದರಲ್ಲಿ ಎರಡು ಲಿ ಚುನ್‌ಗಳಿದ್ದವು. ಮುಂದೂಡಿದ ಮದುವೆಗಳೂ ಹೊಸ ಮದುವೆಗಳೂ 2025ಕ್ಕೇ ನುಗ್ಗಿದವು. ಆಗಸ್ಟ್ 23ರಿಂದ ಸೆಪ್ಟೆಂಬರ್ 21ರವರೆಗಿನ ಏಳನೆಯ ತಿಂಗಳು ಪ್ರೇತಗಳ ತಿಂಗಳಾದ್ದರಿಂದ, ನಮ್ಮ ಕಡೆ ಆಷಾಢದಲ್ಲಿ ಛತ್ರಗಳು ಖಾಲಿ ಬೀಳುವಂತೆ, ಆಗ ನಮ್ಮ ಬಾಲ್‌ರೂಮನ್ನು ಕೇಳುವವರೇ ಇರಲಿಲ್ಲ. ಉಳಿದದ್ದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಶನಿವಾರಗಳು. ಅವು ಒಂದು ವರ್ಷ ಮೊದಲೇ ಮುಗಿದುಹೋಗಿದ್ದವು.

ಈ ವಿಷಯದಲ್ಲಿ ನನಗೊಂದು ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಊರಿನಲ್ಲಿ ನಮ್ಮ ಅಜ್ಜ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು. ತಾರಾಬಲ, ಚಂದ್ರಬಲ, ಅಧಿಕ ಮಾಸ, ಅರವತ್ತು ಸಂವತ್ಸರಗಳ ಚಕ್ರ ಇವೆಲ್ಲ ಕಿವಿಗೆ ಬಿದ್ದೇ ನಾನು ಬೆಳೆದದ್ದು. ಹೀಗಾಗಿ ಚೀನೀ ಗಣನೆಯ ಹತ್ತು ಕಾಂಡಗಳು, ಹನ್ನೆರಡು ಶಾಖೆಗಳು ಮತ್ತು ಅವು ಸೇರಿ ಆಗುವ ಅರವತ್ತರ ಸುತ್ತು ನನಗೆ ಪರಕೀಯವೆನಿಸಲಿಲ್ಲ. ಒಂದೊಂದು ಶಾಖೆಗೂ ಒಂದು ಪ್ರಾಣಿ; ವರ್ಷ, ದಿನ, ಗಳಿಗೆಗಳನ್ನು ಅವುಗಳ ಹೆಸರಿನಿಂದಲೇ ಕರೆಯುತ್ತಾರೆ. ಒಬ್ಬರು ಹುಟ್ಟಿದ ವರ್ಷದ ಪ್ರಾಣಿಗೆ ಎದುರಾದ ಪ್ರಾಣಿಯ ದಿನ ಶುಭಕಾರ್ಯ ನಡೆದರೆ, ಅವರು ಅದರ ಮುಖ್ಯ ಶಾಸ್ತ್ರಗಳಿಂದ ದೂರವಿರಬೇಕೆಂಬ ನಂಬಿಕೆಯಿದೆ. ಇಲಿಗೆ ಕುದುರೆ, ಎತ್ತಿಗೆ ಕುರಿ, ಹುಲಿಗೆ ಕೋತಿ, ಮೊಲಕ್ಕೆ ಹುಂಜ, ಡ್ರ್ಯಾಗನ್ನಿಗೆ ನಾಯಿ, ಹಾವಿಗೆ ಹಂದಿ ಎದುರು ಎಂಬುದನ್ನು ಎರಡನೆಯ ವರ್ಷದಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ವಿಭಾಗದಲ್ಲಿ ತಾರೀಖಿನ ಪ್ರಶ್ನೆ ಎದ್ದರೆ ಚೀನೀ ಸಹೋದ್ಯೋಗಿಗಳೂ ನನ್ನನ್ನೇ ಕೇಳುವ ಮಟ್ಟಕ್ಕೆ ಬಂದಿದ್ದರು.

ಆ ಜೋಡಿಯ ಜಾತಕಗಳನ್ನು ನೋಡಿದ ಗುರುಗಳು ಕೊಟ್ಟಿದ್ದ ಮೂರು ದಿನಗಳೂ ನಮ್ಮಲ್ಲಿ ತುಂಬಿದ್ದವು. ಅಷ್ಟರಲ್ಲಿ ಯಾರೋ ರದ್ದುಪಡಿಸಿದ್ದರಿಂದ 2025ರ ಡಿಸೆಂಬರ್ 6, ಶನಿವಾರ, ತೆರವಾಯಿತು. ವೇಟ್‌ಲಿಸ್ಟಿನಲ್ಲಿ ಇನ್ನೊಂದು ಕುಟುಂಬವಿತ್ತು. ಪೀಕ್ ದಿನಗಳಿಗೆ ನಲವತ್ತೆಂಟು ಗಂಟೆಗಿಂತ ಹೆಚ್ಚು ಹೋಲ್ಡ್ (ಸಹಿಗೆ ಮುನ್ನ ದಿನವನ್ನು ಕಾಯ್ದಿರಿಸುವುದು) ಕೊಡಬಾರದೆಂದು ಮೇಲಿನವರ ಕಟ್ಟಪ್ಪಣೆಯಿತ್ತು, ಗುರುಗಳು ಎರಡು ವಾರ ಊರಿನಲ್ಲಿರಲಿಲ್ಲ. ಹುಡುಗಿ ಅಳುವ ಸ್ಥಿತಿಯಲ್ಲಿದ್ದಳು. ಆಗ ನಾನು ಚೀನೀ ಪಂಚಾಂಗದ ಪುಸ್ತಕವಾದ ತುಂಗ್ ಶಿಂಗ್ ತೆರೆದು ಆ ದಿನವನ್ನು ಓದಿ ಹೇಳಿದೆ.

ಅದು ಹುಂಜದ ದಿನ. ದಿನಗಳಿಗೆ ಒಂದೊಂದು ಗುಣ ಕೊಡುವ ಹನ್ನೆರಡು ಅಧಿಕಾರಿಗಳ ಸರದಿಯಲ್ಲಿ ತೆರೆಯುವಿಕೆಯ ದಿನ, ಮದುವೆಗೆ ಒಳ್ಳೆಯದು. ಹುಡುಗಿ 1997ರ ಎತ್ತು, ವರ್ಷ ಹಾವಿನದು. ಹಾವು, ಹುಂಜ ಮತ್ತು ಎತ್ತು ಸೇರಿದರೆ ತ್ರಿಕೂಟ ಮೈತ್ರಿ ಪೂರ್ಣವಾಗುತ್ತದೆ. ಹುಡುಗ 1992ರ ಕೋತಿ, ಅವನಿಗೂ ಹುಂಜದ ಎದುರಿಲ್ಲ. ಹೆತ್ತವರನ್ನೂ ನೋಡಬೇಕಲ್ಲ ಎಂದು ಫಂಕ್ಷನ್ ಡೈರಿಗೆ ಜೋಡಿಸಿದ ಸ್ಪ್ರೆಡ್‌ಶೀಟಿನಲ್ಲಿ ನಾಲ್ವರ ಹುಟ್ಟಿದ ವರ್ಷಗಳನ್ನೂ ತುಂಬಿದೆ. ವಧುವಿನ ತಂದೆಯ ವರ್ಷ 1964. ಪಕ್ಕದ ಕಾಲಂನಲ್ಲಿ ಡ್ರ್ಯಾಗನ್ ಎಂದು ಬಂತು. ಡ್ರ್ಯಾಗನ್ನಿಗೂ ಹುಂಜಕ್ಕೂ ಆರು ಜೋಡಿಗಳ ಆಪ್ತ ಸಂಬಂಧ. "ನಿಮ್ಮ ತಂದೆಯವರಿಗಂತೂ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ" ಎಂದು ಹೇಳಿದವಳು ನಾನೇ, ಬೇರೆ ಯಾರೂ ಅಲ್ಲ. ಅವರು ಅಂದೇ ಇಪ್ಪತ್ತೆಂಟು ಟೇಬಲ್‌ಗಳಿಗೆ ಸಹಿ ಹಾಕಿ, ಹಿಂತಿರುಗಿಸಲಾಗದ ಮುಂಗಡವನ್ನು ಕಟ್ಟಿದರು.

ನಾಲ್ಕು ದಿನಗಳ ನಂತರ ತಂದೆ ತಮ್ಮ ಅಕ್ಕನೊಂದಿಗೆ ಬಂದರು. ಆ ಹಿರಿಯರ ಚೀಲದಲ್ಲಿ ಕೆಂಪು ರಟ್ಟಿನ ತುಂಗ್ ಶಿಂಗ್ ಇತ್ತು. ನಾನು ಚಹಾ ತರಿಸಿದೆ, ಮೆನು ಟೇಸ್ಟಿಂಗ್ ಕುರಿತು ಕೇಳಲು ಬಂದಿರಬಹುದೆಂದು ಭಾವಿಸಿ ಫೈಲು ತೆಗೆದೆ. ತಂದೆ ಏನೋ ಕೇಳಲು ಸಂಕೋಚಪಡುತ್ತಿದ್ದರು. ಕೊನೆಗೆ, ಮದುವೆಯ ಬೆಳಗ್ಗೆ ತಮಗಾಗಿ ಹೋಟೆಲಿನಲ್ಲಿ ಬೇರೆ ಮಹಡಿಯ ಒಂದು ಚಿಕ್ಕ ಕೋಣೆ ಸಿಗುವುದೇ ಎಂದು ಕೇಳಿದರು. ಮಗಳು ಮನೆಯಿಂದ ಹೊರಡುವಾಗ ಮತ್ತು ವಧೂವರರು ಹಿರಿಯರಿಗೆ ಚಹಾ ನೀಡುವ ಚಹಾ ಶಾಸ್ತ್ರದ ಹೊತ್ತಿನಲ್ಲಿ ತಾವು ಎದುರಿಗೆ ಬರುವುದಿಲ್ಲ, ಸಂಜೆ ಊಟದ ವೇಳೆಗೆ ಇಳಿದು ಬರುತ್ತೇವೆ ಎಂದರು. ನನಗೆ ಅರ್ಥವಾಗಲಿಲ್ಲ. ನಾನು ಮತ್ತೆ ಅದೇ ಮಾತನ್ನು, ಡ್ರ್ಯಾಗನ್ ಮತ್ತು ಹುಂಜದ ಮಾತನ್ನು, ವಿವರಿಸಲು ತೊಡಗಿದೆ. ಆಗ ಅವರು ಹೇಳಿದ್ದು: "ನಾನು ಡ್ರ್ಯಾಗನ್ ಅಲ್ಲ, ಮೊಲ."

ಅವರು ಹುಟ್ಟಿದ್ದು 1964ರ ಜನವರಿಯ ಕೊನೆಯ ವಾರ. ಆ ವರ್ಷ ಡ್ರ್ಯಾಗನ್ ವರ್ಷ ಆರಂಭವಾದದ್ದು ಫೆಬ್ರವರಿ 13ರಂದು. ಅಕ್ಕ ಪುಸ್ತಕ ಬಿಡಿಸಿ ಒಂದು ಅಂಕಣದ ಮೇಲೆ ಬೆರಳಿಟ್ಟರು. ಹುಂಜದ ದಿನಗಳ ಅಂಕಣದಲ್ಲೆಲ್ಲ, ಆ ದಿನ ಯಾರಿಗೆ ಎದುರು ಎಂಬಲ್ಲಿ, ಮೊಲ ಎಂದೇ ಅಚ್ಚಾಗಿರುತ್ತದೆ. ನನಗೆ ಓದಲು ಬರುವ ಕೆಲವೇ ಚೀನೀ ಅಕ್ಷರಗಳಲ್ಲಿ ಅದೂ ಒಂದು. ಅದನ್ನು ನೋಡುತ್ತ ಎಷ್ಟು ಹೊತ್ತು ಕುಳಿತೆನೋ ತಿಳಿಯದು. ಎದುರಿನ ಲೋಟದಲ್ಲಿ ಚಹಾ ಆರಿಹೋಗಿತ್ತು. ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ರದ್ದುಮಾಡಲು ಬಂದಿರಲಿಲ್ಲ, ಹಣ ಕೇಳಲು ಬಂದಿರಲಿಲ್ಲ. ಮಗಳಿಗೆ ಈ ವಿಷಯ ತಿಳಿಯದಂತೆ, ಅವಳ ಮದುವೆಯ ಬೆಳಗ್ಗೆ ತಾವು ಎಲ್ಲಿ ಅಡಗಿರಬಹುದು ಎಂದು ವಿಚಾರಿಸಲು ಬಂದಿದ್ದರು.

ಆ ನಿಮಿಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸ್ಪ್ರೆಡ್‌ಶೀಟಿನ ತಪ್ಪಲ್ಲ. ಜನವರಿಯಲ್ಲಿ ಹುಟ್ಟಿದವರ ಸಂವತ್ಸರ ಹಿಂದಿನ ಯುಗಾದಿಯಿಂದ ನಡೆದು ಬಂದದ್ದು ಎಂಬುದನ್ನು ನಾನು ಮಗುವಾಗಿದ್ದಾಗಲೇ ಬಲ್ಲೆ. ಅದೇ ಮನುಷ್ಯ ನಮ್ಮೂರಿನಲ್ಲಿ ಹುಟ್ಟಿದ್ದರೆ ಅಜ್ಜ ಕಣ್ಣು ಮುಚ್ಚಿಕೊಂಡು ಶೋಭಕೃತ್ ಎನ್ನುತ್ತಿದ್ದರು, ಕ್ರೋಧಿ ಎನ್ನುತ್ತಿರಲಿಲ್ಲ. ಎರಡೂ ಪಂಚಾಂಗಗಳು ಒಂದೇ ಬಗೆಯವು, ಆದ್ದರಿಂದ ನನಗೆ ಇದೂ ಗೊತ್ತು ಎಂದು ಬೀಗಿದವಳು, ಆ ಹೋಲಿಕೆ ನಿಜವಾಗಿಯೂ ಕೆಲಸಕ್ಕೆ ಬರುವ ಒಂದೇ ಜಾಗದಲ್ಲಿ ಅದನ್ನು ಮರೆತಿದ್ದೆ. ತಿಂಗಳು ಯಾವುದು ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಮ್ಯಾನೇಜ್‌ಮೆಂಟ್ ನಡೆದುಕೊಂಡ ರೀತಿಯ ಬಗ್ಗೆ ನನಗೆ ಈಗಲೂ ಬೇಸರವಿದೆ. ಸಹಿಯಾದ ಕರಾರು, ದಿನ ಬದಲಿಸಿದರೆ ಶುಲ್ಕ ತೆರಬೇಕು ಎಂಬುದೇ ಮೊದಲ ಉತ್ತರ. ಶುಭ ದಿನಗಳಿಗೆ ಹೆಚ್ಚಿನ ದರವನ್ನು ವಸೂಲು ಮಾಡುವ, ಆ ದಿನಗಳ ಪಟ್ಟಿಯನ್ನು ಮುದ್ರಿಸಿ ಹಂಚುವ ಸಂಸ್ಥೆ, ಆ ಪಟ್ಟಿಯ ಆಧಾರದಲ್ಲಿ ತನ್ನ ಸಿಬ್ಬಂದಿ ತಪ್ಪು ಸಲಹೆ ಕೊಟ್ಟಾಗ ಜ್ಯೋತಿಷ್ಯ ನಮ್ಮ ಹೊಣೆಯಲ್ಲ ಎಂದು ಹೇಳುವುದು ನ್ಯಾಯವಲ್ಲ. ಹಾಗೆಂದು ಲಿಖಿತವಾಗಿಯೇ ಬರೆದೆ, ತಪ್ಪು ನನ್ನದೆಂದೂ ಅದರಲ್ಲೇ ಬರೆದೆ. ವೇಟ್‌ಲಿಸ್ಟಿನಲ್ಲಿದ್ದ ಕುಟುಂಬ ತಮ್ಮ ಗುರುಗಳನ್ನು ಕೇಳಿಕೊಂಡು ಡಿಸೆಂಬರ್ 6ನ್ನು ತೆಗೆದುಕೊಂಡ ಮೇಲಷ್ಟೇ ಶುಲ್ಕ ಮನ್ನಾ ಆಯಿತು.

ಊರಿಗೆ ಮರಳಿದ ಗುರುಗಳು ನವೆಂಬರ್ 30ನ್ನು ಆರಿಸಿದರು. ಅದು ಭಾನುವಾರ, ಮರುದಿನ ಕೆಲಸಕ್ಕೆ ಹೋಗಬೇಕಾದ ಅತಿಥಿಗಳು ಬೇಗ ಎದ್ದು ಹೋಗುತ್ತಾರೆಂದು ಯಾರೂ ಮೊದಲಿಗೆ ಕೇಳದ ದಿನ. ಮೊಲದ ದಿನ, ಸ್ಥಿರತೆಯ ಅಧಿಕಾರಿಯ ದಿನ. ಗುರುಗಳ ಕೆಂಪು ಕಾಗದದಲ್ಲಿ ಗುವೊ ದಾ ಲಿ (ವಧುವಿನ ಮನೆಗೆ ಉಡುಗೊರೆ ಒಪ್ಪಿಸುವುದು), ಆನ್ ಚುವಾಂಗ್ (ಮದುವೆಯ ಹಾಸಿಗೆ ಅಣಿಮಾಡುವುದು), ಶಾಂಗ್ ತೋ (ತಲೆ ಬಾಚುವ ಶಾಸ್ತ್ರ) ಎಲ್ಲದಕ್ಕೂ ಗಳಿಗೆಗಳು ಬರೆದಿದ್ದವು, ಮತ್ತು ಆ ಕಾಗದದ ಮೇಲ್ಭಾಗದಲ್ಲಿ ಆರು ಜನರ ಹುಟ್ಟಿದ ದಿನ, ತಿಂಗಳು, ವರ್ಷಗಳು ಪೂರ್ಣವಾಗಿದ್ದವು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ಹಾವಿನ ಗಳಿಗೆಯಲ್ಲಿ ಚಹಾ ಶಾಸ್ತ್ರ ನಡೆಯಿತು. ನಾನು ಬಾಗಿಲ ಬಳಿ ನಿಂತಿದ್ದೆ. ತಂದೆ ಮೊದಲ ಕುರ್ಚಿಯಲ್ಲಿ ಕುಳಿತು, ಮಗಳು ಮಂಡಿಯೂರಿ ನೀಡಿದ ಬಟ್ಟಲನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಕುಡಿಯುವ ಮೊದಲು ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಸ್ಪ್ರೆಡ್‌ಶೀಟಿನಲ್ಲಿ ಈಗಲೂ ವರ್ಷದ ಕಾಲಂ ಒಂದೇ ಇದೆ. ತಿಂಗಳು ಮತ್ತು ದಿನವನ್ನು ಸೇರಿಸಿಕೊಡಿ ಎಂದು ನಾನು ಕಳುಹಿಸಿದ ಎರಡು ಟಿಕೆಟ್‌ಗಳು ತೆರೆದೇ ಉಳಿದಿವೆ. ಕಳೆದ ತಿಂಗಳು ಸೇರಿದ ಹೊಸ ಹುಡುಗನಿಗೆ ನಾನು ಕೈಬರಹದ ಒಂದು ಹಾಳೆಯನ್ನು ಕೊಟ್ಟಿದ್ದೇನೆ: ಜೋಡಿ ಮತ್ತು ನಾಲ್ವರು ಹೆತ್ತವರ ಪೂರ್ಣ ಜನ್ಮದಿನಾಂಕ ಕೇಳಬೇಕು, ಹಾಲ್ ಯಾವ ಯಾವ ದಿನ ಖಾಲಿಯಿದೆ ಎಂಬುದನ್ನು ಮಾತ್ರ ಹೇಳಬೇಕು, ದಿನ ಒಳ್ಳೆಯದೋ ಅಲ್ಲವೋ ಎಂಬುದನ್ನು ಅವರ ಗುರುಗಳಿಗೆ ಬಿಡಬೇಕು. ಗುರುಗಳು ಊರಿನಲ್ಲಿಲ್ಲದಿದ್ದರೆ ಹೋಲ್ಡನ್ನು ವಿಸ್ತರಿಸಲು ನನ್ನ ಬಳಿ ಬರಬೇಕು. ಮೇಲಿನವರ ಜೊತೆ ಆ ಜಗಳವನ್ನು ನಾನೇ ಆಡುತ್ತೇನೆ.